ಮೇಕಪ್ ತೆಗೆಯುವ ಕ್ಲೆನ್ಸರ್: ಕಲಬುರಗಿಯ ಸವಳು ನೀರಿಗೆ ಯಾವುದು ಒಗ್ಗುತ್ತದೆ?

ಅಂಗೈ ಮೇಲೆ ನಾಲ್ಕು ಹನಿ ಎಣ್ಣೆ ಬಗೆಯ ಕ್ಲೆನ್ಸರ್ ಬಿಟ್ಟುಕೊಳ್ಳಿ. ಅದರ ಮೇಲೆ ನಾಲ್ಕು ಹನಿ ನೀರು ಹಾಕಿ ಬೆರಳಿನಿಂದ ತಿಕ್ಕಿ. ತೆಳು ಮಜ್ಜಿಗೆಯಂತೆ ಬೆಳ್ಳಗಾಗಿ ಜಾರಿ ಹೋದರೆ ಮುಖದ ಮೇಲಿಂದಲೂ ಹಾಗೇ ಹೋಗುತ್ತದೆ. ನೀರು ಗುಂಡುಗುಂಡಾಗಿ ಆಚೆ ಉರುಳಿ ಎಣ್ಣೆ ಅಂಗೈಯಲ್ಲೇ ಕೂತರೆ, ಆ ಬಾಟಲಿಗೆ ಎಷ್ಟು ದುಡ್ಡು ಕೊಟ್ಟಿದ್ದರೂ ಒಳಗಿರುವುದು ಬರೀ ಎಣ್ಣೆ. ಊರಿನ ಸೂಪರ್ ಮಾರ್ಕೆಟ್ ಪೇಟೆಯ ಕಾಸ್ಮೆಟಿಕ್ ಅಂಗಡಿಗಳಲ್ಲಿ ಟೆಸ್ಟರ್ ಇಟ್ಟಿದ್ದರೆ ಮೊದಲು ಇದೊಂದು ಪರೀಕ್ಷೆ ಮಾಡಿಬಿಡಿ. ವಾಸನೆ ನೋಡುವುದು, ಡಬ್ಬಿಯ ಮೇಲಿನ ಹೂವಿನ ಚಿತ್ರ ನೋಡುವುದು ಆಮೇಲೆ.

ಇಲ್ಲಿ ತೂಗಿ ನೋಡಿರುವುದು ಕಲಬುರಗಿಯಲ್ಲಿ ಅಂಗಡಿಯಲ್ಲೋ ಆನ್‌ಲೈನಿನಲ್ಲೋ ಸಿಗುವ ಮೇಕಪ್ ರಿಮೂವರ್‌ಗಳನ್ನು: ಮೈಸೆಲರ್ ವಾಟರ್, ಎರಡು ಪದರದ ಬೈ-ಫೇಸ್ ದ್ರವ, ಕ್ಲೆನ್ಸಿಂಗ್ ಮಿಲ್ಕ್, ವೈಪ್ಸ್, ಎಣ್ಣೆ ಮತ್ತು ಬೆಣ್ಣೆಯಂತೆ ಗಟ್ಟಿಯಾಗಿರುವ ಬಾಮ್. ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಇಟ್ಟಿರುವುದು ಲಗ್ನದ ಮೇಕಪ್. ದಿನಾ ಹಚ್ಚುವ ಪೌಡರು, ಕಾಡಿಗೆ ಯಾವುದಕ್ಕಾದರೂ ಬಿಡುತ್ತವೆ; ಅದರ ಮೇಲೆ ಕ್ಲೆನ್ಸರ್ ಪರೀಕ್ಷಿಸಿದರೆ ಎಲ್ಲವೂ ಪಾಸಾಗುತ್ತವೆ.

ಲಗ್ನದ ಮೇಕಪ್ ಬೇರೆಯೇ ಸರಕು. ಏಪ್ರಿಲ್–ಮೇ ತಿಂಗಳಲ್ಲಿ 42–43 ಡಿಗ್ರಿ ಬಿಸಿಲಿನ ಊರಿನಲ್ಲಿ, ಮಂಟಪದ ಲೈಟಿನ ಕೆಳಗೆ, ದಂಡಿ–ಬಾಸಿಂಗ ಕಟ್ಟಿಕೊಂಡ ಮದುಮಗಳ ಮುಖ ಐದಾರು ತಾಸು ಕರಗದೆ ನಿಲ್ಲಬೇಕು. ಅದಕ್ಕೇ ಪಾರ್ಲರಿನವರು ಕ್ರಯೋಲಾನ್ ಟಿವಿ ಪೇಂಟ್ ಸ್ಟಿಕ್‌ನಂಥ ದಪ್ಪ ಬೇಸ್ ಹಾಕುತ್ತಾರೆ. ಬರ್ಲಿನ್ನಿನಲ್ಲಿ 1945ರಲ್ಲಿ ಶುರುವಾದ ಈ ಕಂಪನಿಯ ಮೂಲ ಗಿರಾಕಿಗಳು ನಾಟಕ, ಸಿನಿಮಾದವರು. ಹಾಗಾಗಿ ಆ ಬೇಸ್ ಬೆವರಿಗೆ ಹೆದರುವ ಜಾತಿಯದಲ್ಲ. ಇನ್ನು ಲಾಂಗ್-ವೇರ್ ಫೌಂಡೇಶನ್, ಮ್ಯಾಟ್ ಲಿಕ್ವಿಡ್ ಲಿಪ್‌ಸ್ಟಿಕ್ ಬಾಟಲಿಗಳ ಹಿಂದೆ ಓದಿದರೆ ಐಸೋಡೋಡೆಕೇನ್, ಟ್ರೈಮೀಥೈಲ್‌ಸಿಲೋಕ್ಸಿಸಿಲಿಕೇಟ್ ಎಂಬ ಹೆಸರುಗಳು ಸಿಗುತ್ತವೆ. ಮೊದಲನೆಯದು ಹಚ್ಚಿದ ಕೆಲವೇ ನಿಮಿಷದಲ್ಲಿ ಆರಿ ಹೋಗುವ ದ್ರವ. ಎರಡನೆಯದು ಅದು ಆರಿದ ಮೇಲೆ ಚರ್ಮದ ಮೇಲೆ ಉಳಿದು ತೆಳು ಪೊರೆಯಾಗುವ ಸಿಲಿಕೋನ್ ಅಂಟು. ಬಣ್ಣ ಆ ಪೊರೆಯೊಳಗೆ ಸಿಕ್ಕಿಕೊಂಡಿರುತ್ತದೆ. ನೀರು ಇದನ್ನು ಮುಟ್ಟುವುದೇ ಇಲ್ಲ. ಎಣ್ಣೆಗೆ ಮಾತ್ರ ನಿಧಾನಕ್ಕೆ ಮೆತ್ತಗಾಗಿ ಬಿಡುತ್ತದೆ.

ತೆಗೆಯುವುದು ಹೇಗೆ ಎಂದು ಕೇಳಿದರೆ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ: "ಎರಡ್ ಸಲ ಸಾಬಾಣ ಹಚ್ಚಿ ತೊಳಿರಿ, ಹೋಗ್ತದ." ಹೋಗುವುದಿಲ್ಲ. ಯಾಕೆ ಎಂದು ತಿಳಿಯಬೇಕಾದರೆ ಮೊದಲು ನಲ್ಲಿಯ ಹತ್ತಿರ ನಿಲ್ಲಬೇಕು.

ತಕರಾರು ನೀರಿನದು

ಕಲಬುರಗಿ ಸೀಮೆಯ ನೆಲದಡಿ ಇರುವುದು ಕರಿಕಲ್ಲು ಮತ್ತು ಸುಣ್ಣದ ಕಲ್ಲು. ಶಹಾಬಾದ್ ಪರಸಿ, ಸೇಡಂ ಕಡೆಯ ಸಿಮೆಂಟು ಎಲ್ಲ ಬಂದಿದ್ದು ಈ ಸುಣ್ಣದ ಕಲ್ಲಿನಿಂದಲೇ. ಅದರ ನಡುವೆ ಹಾದು ಬರುವ ಬೋರಿನ ನೀರು ಕ್ಯಾಲ್ಸಿಯಂ, ಮೆಗ್ನೀಷಿಯಂ ಹೊತ್ತುಕೊಂಡೇ ಬರುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ಗಡಸುತನ, ಅಂದರೆ ನಾವು ಸವಳು ಎನ್ನುವ ಗುಣ, ಲೀಟರಿಗೆ 200 ಮಿಲಿಗ್ರಾಂ ಇದ್ದರೆ ಒಪ್ಪಬಹುದು. ಬೇರೆ ನೀರೇ ಇಲ್ಲದಿದ್ದರೆ 600ರ ತನಕ. ಮನೆಯ ನೀರು ಎಲ್ಲಿ ನಿಲ್ಲುತ್ತದೆ ಎಂದು ನೋಡಲು ಲ್ಯಾಬಿಗೆ ಹೋಗಬೇಕಾಗಿಲ್ಲ. ಅರ್ಧ ಲೀಟರ್ ಬಾಟಲಿಗೆ ಅರ್ಧ ನೀರು ತುಂಬಿ, ಮೈಗೆ ಹಚ್ಚುವ ಸಾಬೂನನ್ನು ಚಾಕುವಿನಿಂದ ಚಿಟಿಕೆಯಷ್ಟು ಹೆರೆದು ಹಾಕಿ, ಮುಚ್ಚಳ ಬಿಗಿದು ಹತ್ತು ಸಲ ಅಲ್ಲಾಡಿಸಿ. ಮೇಲೆ ನೊರೆ ನಿಂತು ಕೆಳಗಿನ ನೀರು ತಿಳಿಯಾಗಿದ್ದರೆ ಸಿಹಿ ನೀರು. ನೊರೆ ಏಳದೆ, ಒಡೆದ ಹಾಲಿನ ಹಾಗೆ ಬಿಳಿ ಚೂರು ತೇಲಿದರೆ ಸವಳು. ಅದೇ ಊರಲ್ಲಿ ಹೊಳೆಯ ನೀರು ಬರುವ ಓಣಿಗೂ ಬೋರಿನ ಮೇಲೇ ನಿಂತ ಹೊಸ ಬಡಾವಣೆಗೂ ಬಾಟಲಿ ಬೇರೆ ಬೇರೆ ಉತ್ತರ ಕೊಡುತ್ತದೆ.

ಆ ಬಿಳಿ ಚೂರೇ ಇಡೀ ಕಥೆ. ಸಾಬೂನಿನ ಕೊಬ್ಬಿನಾಮ್ಲ ನೀರಿನ ಕ್ಯಾಲ್ಸಿಯಂ ಜೊತೆ ಕೂಡಿ, ಕರಗದ ಜಿಗಟು ಆಗುತ್ತದೆ. ಬಕೆಟ್ಟಿನ ಅಂಚಿಗೆ ಹತ್ತುವ ಬೂದು ಪಟ್ಟಿ, ಸ್ಟೀಲ್ ನಲ್ಲಿಯ ಬಿಳಿ ಕಲೆಯ ಮೇಲಿನ ಜಿಡ್ಡು ಇದೇ. ಮುಖ ತೊಳೆಯುವಾಗ ಅದು ಗಲ್ಲದ ಕೆಳಗೆ, ಕೂದಲಿನ ಅಂಚಿಗೆ, ಮೂಗಿನ ಮಗ್ಗುಲಿಗೆ ಕೂರುತ್ತದೆ. ಅಲ್ಲಿ ಅದಾಗಲೇ ಅರ್ಧ ಕರಗಿದ ಫೌಂಡೇಶನ್ ಕಾದಿರುತ್ತದೆ. ಎರಡೂ ಸೇರಿ ಮೇಣದಂಥ ಪದರ. ತೊಳೆದ ಮೇಲೆ ಮುಖ "ಚರ್ ಚರ್" ಅಂದರೆ ಸ್ವಚ್ಛವಾಯಿತು ಅಂದುಕೊಳ್ಳುತ್ತೇವೆ; ಸವಳು ನೀರಿನಲ್ಲಿ ಆ ಸದ್ದು ಬರುವುದು ಬಹುತೇಕ ಈ ಜಿಗಟಿನಿಂದ.

ಫೇಸ್‌ವಾಶ್ ಅಂದ ಕೂಡಲೇ ಸಾಬೂನು ಅಲ್ಲ ಎಂದು ನಂಬಬೇಡಿ. ಟ್ಯೂಬಿನ ಹಿಂದೆ ಸ್ಟಿಯರಿಕ್ ಆ್ಯಸಿಡ್, ಮಿರಿಸ್ಟಿಕ್ ಆ್ಯಸಿಡ್, ಲಾರಿಕ್ ಆ್ಯಸಿಡ್, ಅವುಗಳ ಜೊತೆ ಪೊಟ್ಯಾಶಿಯಂ ಹೈಡ್ರಾಕ್ಸೈಡ್ ಇದ್ದರೆ, ಅದು ಟ್ಯೂಬಿನಲ್ಲಿ ತುಂಬಿದ ಸಾಬೂನೇ. ಸಿಹಿ ನೀರಿನಲ್ಲಿ ಮುಷ್ಟಿ ತುಂಬ ನೊರೆ ಬರುವ ಈ ಟ್ಯೂಬುಗಳು ಇಲ್ಲಿ ಅರ್ಧ ಸತ್ತಂತೆ ನಡೆದುಕೊಳ್ಳುತ್ತವೆ. ನೊರೆ ಬರಲಿಲ್ಲವೆಂದು ಇನ್ನಷ್ಟು ಹಿಂಡುತ್ತೇವೆ, ಜಿಗಟು ಇನ್ನಷ್ಟಾಗುತ್ತದೆ.

ಅಜ್ಜಿಯರ ಸೀಗೆಕಾಯಿ, ಅಂಟವಾಳ ಕಾಯಿಗೆ ಈ ಕಾಟ ಇರಲಿಲ್ಲ. ಅವುಗಳಲ್ಲಿರುವ ಸಪೋನಿನ್ ಕ್ಯಾಲ್ಸಿಯಂ ಜೊತೆ ಸಾಬೂನಿನಂತೆ ಜಗಳಕ್ಕಿಳಿಯುವುದಿಲ್ಲ. ಹಾಗಂತ ಸೀಗೆ ಪುಡಿಯಿಂದ ಕಣ್ಣಿನ ಮಸ್ಕಾರಾ ತೆಗೆಯಲು ಹೋಗಬೇಡಿ, ಉರಿ ತಡೆಯಲಾಗದು.

ಮೈಸೆಲರ್ ವಾಟರ್

ಗಾರ್ನಿಯರ್‌ನ ಗುಲಾಬಿ ಮುಚ್ಚಳದ ಬಾಟಲಿ ಈಗ ಕಿರಾಣಿ ಅಂಗಡಿಗೂ ಬಂದಿದೆ. 125 ಮಿಲಿ ಬಾಟಲಿ ಇನ್ನೂರು ರೂಪಾಯಿ ಆಸುಪಾಸು. 400 ಮಿಲಿಯದು ಲೆಕ್ಕಕ್ಕೆ ಅಗ್ಗ. ಫ್ರಾನ್ಸಿನ ಬಯೋಡರ್ಮಾ ಸೆನ್ಸಿಬಿಯೋ ಎಚ್2ಒ ಚರ್ಮದ ಡಾಕ್ಟರ ಪಕ್ಕದ ಮೆಡಿಕಲ್‌ನಲ್ಲಿ ಕೇಳಿದರೆ ಸಿಗುತ್ತದೆ, ಬೆಲೆ ಎರಡು ಪಟ್ಟಿಗೂ ಮಿಕ್ಕಿ. ನೋಡಲು ಎರಡೂ ನೀರು. ಒಳಗೆ ಕಣ್ಣಿಗೆ ಕಾಣದ ಮೈಸೆಲ್ ಎಂಬ ಗುಂಡುಗಳಿರುತ್ತವೆ: ಹೊರಗಿನ ಮೈ ನೀರಿಗೆ ಒಲಿದದ್ದು, ಒಳಗಿನದು ಜಿಡ್ಡಿಗೆ. ಹತ್ತಿಗೆ ಹಾಕಿ ಒತ್ತಿದಾಗ ಜಿಡ್ಡು ಒಳಗೆ ಸೇರಿಕೊಳ್ಳುತ್ತದೆ.

ಈ ಊರಿಗೆ ಇದರ ದೊಡ್ಡ ಗುಣವೆಂದರೆ ನಲ್ಲಿ ನೀರಿನ ಹಂಗಿಲ್ಲದೆ ಕೆಲಸ ಶುರುವಾಗುತ್ತದೆ. ಎರಡರಲ್ಲೂ ಡೈಸೋಡಿಯಂ ಇಡಿಟಿಎ ಇದೆ. ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುವ ವಸ್ತು ಅದು. ಆಫೀಸು, ಕಾಲೇಜಿನ ಮೇಕಪ್‌ಗೆ, ಅಂದರೆ ಸನ್‌ಸ್ಕ್ರೀನ್, ಬಿಬಿ ಕ್ರೀಮ್, ಕಾಡಿಗೆ, ಸಾಧಾರಣ ಲಿಪ್‌ಸ್ಟಿಕ್‌ಗೆ, ಎರಡು ಹತ್ತಿ ಪ್ಯಾಡ್ ಸಾಕು. ಪ್ಯಾಡಿಗೆ ಎರಡೂವರೆ ಮಿಲಿ ಎಂದರೂ ದಿನಕ್ಕೆ 5 ಮಿಲಿ. 125ರ ಬಾಟಲಿ 25 ದಿನ ಬರುತ್ತದೆ.

ಲಗ್ನದ ಬೇಸ್ ಮೇಲೆ ಬಂತೆಂದರೆ ಲೆಕ್ಕ ತಪ್ಪುತ್ತದೆ. ಆರು, ಏಳು, ಎಂಟು ಪ್ಯಾಡ್ ಹೋದರೂ ಬಣ್ಣ ಬರುತ್ತಲೇ ಇರುತ್ತದೆ. ತಿಕ್ಕಿದಷ್ಟೂ ಕೆನ್ನೆ ಕೆಂಪಾಗುತ್ತದೆ, ಕಣ್ಣ ರೆಪ್ಪೆ ಉರಿಯುತ್ತದೆ. ಗುಲಾಬಿ ಮುಚ್ಚಳದ್ದನ್ನು ವಾಟರ್‌ಪ್ರೂಫ್ ಮಸ್ಕಾರಾದ ಮೇಲೆ ಪ್ರಯೋಗಿಸಿ ಬೈಯುವುದು ಆ ಬಾಟಲಿಗೆ ಮಾಡುವ ಅನ್ಯಾಯ. ಆ ಕೆಲಸಕ್ಕೆಂದೇ ಅದೇ ಕಂಪನಿ ಎಣ್ಣೆ ಬೆರೆಸಿದ, ಎರಡು ಪದರದ ಹಳದಿ ದ್ರವವನ್ನು ಬೇರೆ ಮಾರುತ್ತದೆ.

"ತೊಳೆಯಬೇಕಾಗಿಲ್ಲ" ಎಂಬ ಮಾತೊಂದು ಈ ಬಾಟಲಿಗಳ ಜೊತೆ ಬಂದಿದೆ. ರೈಲಿನಲ್ಲಿ, ಬಸ್ಸಿನಲ್ಲಿ ಸರಿ. ಮನೆಯಲ್ಲಿದ್ದಾಗ ತೊಳೆಯಿರಿ. ಜಿಡ್ಡು ಹಿಡಿಯುವ ವಸ್ತು ಮುಖದ ಮೇಲೇ ಉಳಿದರೆ ರಾತ್ರಿಯಿಡೀ ಚರ್ಮದ ಸ್ವಂತ ಎಣ್ಣೆಯ ಮೇಲೂ ಕೈ ಆಡಿಸುತ್ತದೆ; ಒಣ ಚರ್ಮದವರಿಗೆ ಬೆಳಿಗ್ಗೆ ಬಾಯಿಯ ಸುತ್ತ ಬಿರುಕು ಬಿಟ್ಟಂತಾಗುವುದು ಇದರಿಂದ. ಒಂದು ಚರಗಿ ನೀರಿನ ಕೆಲಸ.

ಬೈ-ಫೇಸ್: ಕಣ್ಣು, ತುಟಿಗೆ ಮಾತ್ರ

ಲ್ಯಾಕ್ಮೆ ಆಬ್ಸಲ್ಯೂಟ್ ಬೈ-ಫೇಸ್ಡ್ ರಿಮೂವರ್ 60 ಮಿಲಿಯ ಪುಟ್ಟ ಬಾಟಲಿ. ಮೇಬಲಿನ್‌ನದೂ ಇಂಥದ್ದೇ ಇದೆ. ಮೇಲೆ ಎಣ್ಣೆ, ಕೆಳಗೆ ನೀರು. ಅಲ್ಲಾಡಿಸಿದ ಕೂಡಲೇ ಹತ್ತಿಗೆ ಸುರಿಯಬೇಕು. ಅಲ್ಲಾಡಿಸಿ ಇಟ್ಟು ಹತ್ತಿ ಹುಡುಕಲು ಹೋದರೆ ಬರುವಷ್ಟರಲ್ಲಿ ಪದರ ಮತ್ತೆ ಬೇರೆಯಾಗಿರುತ್ತದೆ, ಹತ್ತಿಗೆ ಬೀಳುವುದು ಬರೀ ಮೇಲಿನ ಎಣ್ಣೆ. ಬಾಟಲಿ ಅರ್ಧಕ್ಕೆ ಬಂದಾಗ ಒಂದು ಪದರ ಮಾತ್ರ ಉಳಿದಿದ್ದರೆ ಕಾರಣ ಇದೇ.

ವಾಟರ್‌ಪ್ರೂಫ್ ಮಸ್ಕಾರಾ, ಲೈನರ್, ಮ್ಯಾಟ್ ಲಿಪ್‌ಸ್ಟಿಕ್‌ಗೆ ಇದಕ್ಕಿಂತ ಚೆನ್ನಾಗಿ ಕೆಲಸ ಮಾಡುವುದು ಕಡಿಮೆ. ತಪ್ಪಾಗುವುದು ವಿಧಾನದಲ್ಲಿ. ನೆನೆಸಿದ ಪ್ಯಾಡನ್ನು ಮುಚ್ಚಿದ ಕಣ್ಣಿನ ಮೇಲೆ ಇಟ್ಟು 30 ಎಣಿಸಬೇಕು, ಒತ್ತಬಾರದು, ಅಲ್ಲಾಡಿಸಬಾರದು. ಆಮೇಲೆ ಮೇಲಿನಿಂದ ಕೆಳಕ್ಕೆ ಒಂದೇ ಎಳೆತ. ಪ್ಯಾಡ್ ತೆಗೆದು ನೋಡಿದರೆ ರೆಪ್ಪೆಕೂದಲಿನ ಅಚ್ಚು ಕರಿ ಗೆರೆಗಳಾಗಿ ಅದರ ಮೇಲೆ ಬಿದ್ದಿರುತ್ತದೆ. ಅಚ್ಚು ಸ್ಪಷ್ಟವಾಗಿದ್ದರೆ ಕಾದದ್ದು ಸಾಕಾಗಿದೆ. ಕರಿ ಹರಡಿ ಮಸಿಯಾಗಿದ್ದರೆ ಅವಸರ ಮಾಡಿದ್ದೀರಿ. ಕಣ್ಣಂಚಿನ ಒಳಗಿನ ಕಾಡಿಗೆಗೆ ಹತ್ತಿ ಕಡ್ಡಿಯ ತುದಿ ಒದ್ದೆ ಮಾಡಿ ಕಿವಿಯ ಕಡೆಯಿಂದ ಮೂಗಿನ ಕಡೆಗೆ ಒಮ್ಮೆ, ಹೊಸ ಕಡ್ಡಿಯಿಂದ ಇನ್ನೊಮ್ಮೆ. ಹತ್ತಿ ಸುರುಳಿಯಿಂದ ಕಿತ್ತ ತುಂಡು ಕಣ್ಣಿಗೆ ಬೇಡ, ಎಳೆ ಬಿಡುತ್ತದೆ. ಕಾಂಟ್ಯಾಕ್ಟ್ ಲೆನ್ಸ್ ಇದ್ದವರು ಇದೆಲ್ಲಕ್ಕೂ ಮೊದಲು, ಕೈ ತೊಳೆದು, ಲೆನ್ಸ್ ತೆಗೆದಿಡಬೇಕು. ಎಣ್ಣೆ ಹತ್ತಿದ ಲೆನ್ಸ್ ಆಮೇಲೆ ಮಂಜು ಮಂಜು.

ಕೃತಕ ರೆಪ್ಪೆ ಇದ್ದರೆ ಅಂಟಿನ ಗೆರೆಯ ಮೇಲೆ ಇದೇ ದ್ರವದ ಕಡ್ಡಿ ಒತ್ತಿ ಅರ್ಧ ನಿಮಿಷ ಬಿಟ್ಟು ಹೊರ ಅಂಚಿನಿಂದ ಸುಲಿಯಿರಿ. ಪಾರ್ಲರಿನಲ್ಲಿ ಎಳೆ ಎಳೆಯಾಗಿ ಕೂರಿಸಿದ ಎಕ್ಸ್‌ಟೆನ್ಶನ್ ಆಗಿದ್ದರೆ ಮನೆಯಲ್ಲಿ ಮುಟ್ಟಬೇಡಿ. ಅದರ ಅಂಟು ಬೇರೆ, ಎಳೆದರೆ ಸ್ವಂತ ಕೂದಲೂ ಬರುತ್ತದೆ.

60 ಮಿಲಿಯಲ್ಲಿ ಇಡೀ ಮುಖ ತೆಗೆಯಲು ಹೋದರೆ ಬಾಟಲಿ ಮೂರು ಸಲಕ್ಕೆ ಮುಗಿಯುತ್ತದೆ. ಕಣ್ಣು, ತುಟಿಗೆ ಇಟ್ಟುಕೊಳ್ಳಿ.

ಕ್ಲೆನ್ಸಿಂಗ್ ಮಿಲ್ಕ್, ವೈಪ್ಸ್

ಕ್ಲೆನ್ಸಿಂಗ್ ಮಿಲ್ಕ್ ಹಳೇ ಪಾರ್ಲರುಗಳ ಗೆಳತಿ. ಹಚ್ಚಿ, ಹತ್ತಿಯಲ್ಲಿ ಒರೆಸಿದರೆ ಸಾಧಾರಣ ಮೇಕಪ್ ಬರುತ್ತದೆ. ಅದರಲ್ಲಿ ಎಣ್ಣೆಗಿಂತ ನೀರೇ ಹೆಚ್ಚು, ಆದ್ದರಿಂದ ಸಿಲಿಕೋನ್ ಪೊರೆಗೆ ಸಾಲದು. ಕೆಡುಕೇನಿಲ್ಲ, ಲಗ್ನಕ್ಕೆ ಆಗುವುದಿಲ್ಲ ಅಷ್ಟೇ.

ವೈಪ್ಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೂರನೇ ಒರೆತಕ್ಕೆ ಬಟ್ಟೆ ಬಣ್ಣ ಹಿಡಿಯುವುದನ್ನು ಬಿಟ್ಟು ಹಣೆಯದನ್ನು ಗಲ್ಲಕ್ಕೆ, ಗಲ್ಲದ್ದನ್ನು ಕುತ್ತಿಗೆಗೆ ಬಳಿಯುತ್ತದೆ. ಪ್ಯಾಕೆಟ್ಟಿನ ಸ್ಟಿಕ್ಕರ್ ಸರಿಯಾಗಿ ಮುಚ್ಚದಿದ್ದರೆ ನಮ್ಮ ಬೇಸಿಗೆಗೆ ಎರಡೇ ದಿನದಲ್ಲಿ ಹಪ್ಪಳ.

ಕೊಬ್ಬರಿ ಎಣ್ಣೆ, ಬೇಬಿ ಆಯಿಲ್

ಕಂಪನಿ ನಾಟಕದ ಕಾಲದಿಂದ ಬಂದ ರೂಢಿ ಇದು: ಕೊಬ್ಬರಿ ಎಣ್ಣೆ ಹಚ್ಚಿ, ಹಳೆ ಧೋತರದ ತುಂಡಿನಿಂದ ಬಣ್ಣ ಒರೆಸುವುದು. ಅಲ್ಲಿ ಅದು ಸರಿಯಾಗಿ ಕೆಲಸ ಮಾಡುತ್ತದೆ, ಕಾರಣ ಕರಗಿಸಿದ ಎಣ್ಣೆಯನ್ನು ಬಟ್ಟೆ ಎತ್ತಿಕೊಳ್ಳುತ್ತದೆ. ಮನೆಯಲ್ಲಿ ನಾವು ಬಟ್ಟೆ ಬಿಟ್ಟು ನೇರ ನಲ್ಲಿಗೆ ಹೋಗುತ್ತೇವೆ. ಎಣ್ಣೆಗೂ ನೀರಿಗೂ ಕೂಡದು; ಬಣ್ಣ ಬೆರೆತ ಎಣ್ಣೆ ಮುಖದ ತುಂಬ ಹರಡಿ ಅಲ್ಲೇ ಉಳಿಯುತ್ತದೆ. ಆಗ ಸಾಬೂನು ತೆಗೆಯುತ್ತೇವೆ, ಸವಳು ನೀರು ಜಿಗಟು ಮಾಡುತ್ತದೆ. ಮೂರನೇ ದಿನ ದವಡೆಯ ಉದ್ದಕ್ಕೂ ಸಣ್ಣ ಗುಳ್ಳೆ. ಮೊಡವೆ ಏಳುವ ಮುಖಕ್ಕೆ ಕೊಬ್ಬರಿ ಎಣ್ಣೆ ಮೊದಲೇ ಹೊಂದುವುದಿಲ್ಲ, ರಂಧ್ರ ಕಟ್ಟುತ್ತದೆ. ಬೇಬಿ ಆಯಿಲ್ ಅಂದರೆ ಮಿನರಲ್ ಆಯಿಲ್. ಅದು ಕಟ್ಟುವುದು ಕಡಿಮೆ, ಅಗ್ಗ, ಮಸ್ಕಾರಾ ಚೆನ್ನಾಗಿ ಬಿಡಿಸುತ್ತದೆ. ಆದರೆ ಅದಕ್ಕೂ ಬಟ್ಟೆ ಬೇಕೇ ಬೇಕು. ಕುದಿ ನೀರಿನಲ್ಲಿ ತೊಳೆದ ಮೆತ್ತನೆಯ ಹಳೆ ಹತ್ತಿ ಬಟ್ಟೆ, ಪ್ರತಿ ಸಲ ಹೊಸ ಮಡಿಕೆ. ಮೇಲೆ ಕಡಲೆ ಹಿಟ್ಟು ಹಚ್ಚಿದರೆ ಉಳಿದ ಎಣ್ಣೆ ಹೀರುತ್ತದೆ, ಸವಳು ನೀರಿಗೂ ಜಗ್ಗುವುದಿಲ್ಲ. ತಿಕ್ಕದೆ, ತೆಳ್ಳಗೆ ಕಲಸಿ ಹಚ್ಚಿ ತೊಳೆದರೆ ಸಾಕು.

ನೀರಿಗೆ ಬೆಳ್ಳಗಾಗುವ ಎಣ್ಣೆ ಮತ್ತು ಬಾಮ್

ಮೊದಲ ಸ್ಥಾನ ಇದಕ್ಕೆ. ಕ್ಲಿನಿಕ್ ಕಂಪನಿಯ ಟೇಕ್ ದ ಡೇ ಆಫ್ ಬಾಮ್ 125 ಮಿಲಿ ಡಬ್ಬಿಗೆ ಮೂರು ಸಾವಿರ ದಾಟುತ್ತದೆ. ಅದರ ಪಟ್ಟಿಯಲ್ಲಿ ಎರಡನೇ ಹೆಸರು ಕಾರ್ಥಮಸ್ ಟಿಂಕ್ಟೋರಿಯಸ್. ದೊಡ್ಡ ಹೆಸರಿಗೆ ಬೆದರಬೇಕಿಲ್ಲ. ನಮ್ಮ ಹೊಲದ ಕುಸುಬಿ ಅದು, ಗಾಣದಿಂದ ತಂದು ಜೋಳದ ರೊಟ್ಟಿಗೆ, ಪಲ್ಯಕ್ಕೆ ಹಾಕುವ ಕುಸುಬಿ ಎಣ್ಣೆ. ಹಾಗಾದರೆ ದುಡ್ಡು ಯಾತಕ್ಕೆ? ಅದೇ ಪಟ್ಟಿಯಲ್ಲಿ ಸ್ವಲ್ಪ ಕೆಳಗೆ ಸೋರ್ಬೆತ್-30 ಟೆಟ್ರಾಓಲಿಯೇಟ್ ಎಂಬ ಹೆಸರಿದೆ. ಎಣ್ಣೆಯನ್ನು ನೀರಿಗೆ ಒಪ್ಪಿಸುವ ಮಧ್ಯಸ್ಥ ಅದು. ನೀರು ಬಿದ್ದ ಕೂಡಲೇ ಬೆಳ್ಳಗಾಗುವುದು ಅದರಿಂದ. ಅಂಥ ಮಧ್ಯಸ್ಥರ ಇನ್ನೂ ಕೆಲವು ಹೆಸರು: ಪೆಗ್-20 ಗ್ಲಿಸರಿಲ್ ಟ್ರೈಐಸೋಸ್ಟಿಯರೇಟ್, ಪಾಲಿಸಾರ್ಬೇಟ್ 80, ಪಾಲಿಗ್ಲಿಸರಿಲ್ ಅಂತ ಶುರುವಾಗುವ ಯಾವುದಾದರೂ. ಇವು ಯಾವುವೂ ಸಾಬೂನಿನ ಜಾತಿಯವಲ್ಲ, ಕ್ಯಾಲ್ಸಿಯಂ ಜೊತೆ ಜಿಗಟು ಕಟ್ಟುವುದಿಲ್ಲ. ಸವಳು ನೀರಿನ ಊರಿಗೆ ಈ ಬಗೆಯೇ ಹೊಂದುವುದು ಅದಕ್ಕಾಗಿ.

ಅಂದ ಮೇಲೆ ಮೂರು ಸಾವಿರದ ಡಬ್ಬಿಯೇ ಆಗಬೇಕೆಂದಿಲ್ಲ. ಕೊರಿಯಾದ ಬನಿಲಾ ಕೋ ಕ್ಲೀನ್ ಇಟ್ ಝೀರೋ ಅದಕ್ಕಿಂತ ಕಡಿಮೆಗೆ ಸಿಗುತ್ತದೆ. ಭಾರತದ ಕಂಪನಿಗಳ ಬಾಮ್, ಕ್ಲೆನ್ಸಿಂಗ್ ಆಯಿಲ್ ಇನ್ನೂ ಕಡಿಮೆಗೆ. ಮೇಲಿನ ಹೆಸರುಗಳಲ್ಲಿ ಒಂದು ಪಟ್ಟಿಯಲ್ಲಿದ್ದು, ಅಂಗೈ ಮೇಲೆ ಬೆಳ್ಳಗಾದರೆ ತೆಗೆದುಕೊಳ್ಳಿ. "ಶುದ್ಧ ಸಹಜ ತೈಲ" ಎಂದು ಮುಖಪುಟದಲ್ಲಿ ಬರೆದು, ಹಿಂದೆ ಬರೀ ಎಣ್ಣೆಗಳ ಹೆಸರಿದ್ದರೆ ಬಿಟ್ಟುಬಿಡಿ. ಅದು ಮಸಾಜಿಗೆ.

ಕೈಯಾರೆ ಮಾಡುವವರಿಗೂ ದಾರಿ ಇದೆ: 85 ಮಿಲಿ ರಿಫೈನ್ಡ್ ಕುಸುಬಿ ಅಥವಾ ಸೂರ್ಯಕಾಂತಿ ಎಣ್ಣೆ, 15 ಮಿಲಿ ಕಾಸ್ಮೆಟಿಕ್ ದರ್ಜೆಯ ಪಾಲಿಸಾರ್ಬೇಟ್ 80, ಒಣಗಿದ ಪಂಪ್ ಬಾಟಲಿ. ಪ್ರತಿ ಸಲ ಅಲ್ಲಾಡಿಸಿ. ಒಂದು ಹನಿ ನೀರೂ ಒಳಗೆ ಹೋಗಬಾರದು. ಗಾಣದ ಎಣ್ಣೆ ಬೇಡ, ಬೇಗ ಕಮಟು ಹಿಡಿಯುತ್ತದೆ. ರಿಫೈನ್ಡ್ ಆದರೂ ಎರಡು ತಿಂಗಳೊಳಗೆ ಮುಗಿಸಿ. ಕಣ್ಣಿನ ಹತ್ತಿರ ಇದನ್ನು ಬಳಸಬೇಡಿ, ಮುಖಕ್ಕೂ ಮೊದಲು ಮೊಣಕೈ ಒಳಗೆ ಹಚ್ಚಿ ಒಂದು ದಿನ ನೋಡಿ.

ಬಾಮಿಗೆ ಇಲ್ಲಿನ ಬಿಸಿಲು ವೈರಿ. ಕೊರಿಯರ್ ಗಾಡಿಯಲ್ಲಿ ಮಧ್ಯಾಹ್ನವಿಡೀ ಸುತ್ತಿ ಬಂದ ಡಬ್ಬಿ ತೆರೆದರೆ ಒಳಗೆ ಎಣ್ಣೆ ಕುಲುಕುತ್ತಿರುತ್ತದೆ. ಕೆಟ್ಟಿಲ್ಲ, ಕರಗಿದೆ. ಹಾಗೇ ಬಿಟ್ಟರೆ ನಿಧಾನ ಆರಿ ರವೆಯಂತೆ ಕಾಳು ಕಟ್ಟುತ್ತದೆ, ಮಧ್ಯಸ್ಥ ವಸ್ತು ಒಂದು ಕಡೆ ಎಣ್ಣೆ ಒಂದು ಕಡೆ ಆಗಬಹುದು. ಒಣ ಚಮಚೆಯಿಂದ ಚೆನ್ನಾಗಿ ತಿರುವಿ ಫ್ರಿಜ್ಜಿನ ಬಾಗಿಲಲ್ಲಿ ಒಂದು ತಾಸು ಇಡಿ, ನಡುವೆ ಎರಡು ಸಲ ಮತ್ತೆ ತಿರುವಿ. ಬೆಣ್ಣೆಯ ಹದಕ್ಕೆ ಬರುತ್ತದೆ. ಮಾರ್ಚಿನಿಂದ ಜೂನ್ ತನಕ ಬಾಮಿನ ಬದಲು ಪಂಪ್ ಬಾಟಲಿಯ ಎಣ್ಣೆ ಕೊಂಡರೆ ಈ ರಗಳೆಯೇ ಇಲ್ಲ. ಬಾಮು ಚಳಿಗಾಲಕ್ಕಿರಲಿ.

ತೆಗೆಯುವ ಕ್ರಮ

ಲಗ್ನದ ಮುಖಕ್ಕೆ ಇದು. ಕೈ ಒಣಗಿರಬೇಕು, ಮುಖ ಒಣಗಿರಬೇಕು. ಎಲ್ಲಕ್ಕಿಂತ ಹೆಚ್ಚು ಜನ ತಪ್ಪುವುದು ಇಲ್ಲೇ: ರೂಢಿಯಂತೆ ಮುಖಕ್ಕೆ ನೀರು ಚಿಮುಕಿಸಿ ಆಮೇಲೆ ಎಣ್ಣೆ ಹಚ್ಚುತ್ತಾರೆ. ನೀರು ಸಿಕ್ಕ ಎಣ್ಣೆ ಮೇಕಪ್ ಕರಗಿಸುವ ಮೊದಲೇ ಹಾಲಾಗಿ ತನ್ನ ಶಕ್ತಿ ಮುಗಿಸಿಕೊಳ್ಳುತ್ತದೆ. ಆಮೇಲೆ "ಈ ಕ್ಲೆನ್ಸರ್ ಕೆಲಸಕ್ಕೆ ಬಾರದು" ಎಂಬ ಮಾತು.

ಮೊದಲು ಬಿಂದಿ, ಮೂಗುತಿ, ಕೃತಕ ರೆಪ್ಪೆ ತೆಗೆಯಿರಿ; ಕೂದಲು ಹಿಂದಕ್ಕೆ ಬಟ್ಟೆ ಕಟ್ಟಿ. ಕಣ್ಣು, ತುಟಿ ಬೈ-ಫೇಸ್‌ನಿಂದ ಮುಗಿಸಿ. ಮಿಂಚಿನ ಪುಡಿ, ಗ್ಲಿಟರ್ ಇದ್ದರೆ ಬೈ-ಫೇಸ್‌ಗೂ ಮೊದಲು ಅದನ್ನು ತೆಗೆಯಿರಿ, ತಿಕ್ಕಬೇಡಿ. ಮೆಡಿಕಲ್‌ನ ಕಾಗದದ ಟೇಪನ್ನು ಮೊದಲು ಕೈಮೇಲೆ ಎರಡು ಸಲ ಅಂಟಿಸಿ ಕಿತ್ತು ಅದರ ಬಿಗಿ ಇಳಿಸಿ, ಆಮೇಲೆ ರೆಪ್ಪೆಯ ಮೇಲೆ ಹಗುರಕ್ಕೆ ಮುಟ್ಟಿಸಿ ಎತ್ತಿ. ಎಣ್ಣೆ ಹಾಕಿದ ಮೇಲೆ ಗ್ಲಿಟರ್ ಕಣ್ಣೊಳಗೆ ಜಾರುತ್ತದೆ, ಅದು ಗೀರುವ ವಸ್ತು.

ಆಮೇಲೆ ಮೂರು ಪಂಪ್ ಎಣ್ಣೆ, ಸುಮಾರು 3–4 ಮಿಲಿ. ಬಾಮ್ ಆದರೆ ಎರಡು ಶೇಂಗಾ ಬೀಜದಷ್ಟು, ಅಂಗೈಯಲ್ಲಿ ಕರಗಿಸಿ. ಹಣೆ, ಕೂದಲಿನ ಅಂಚು, ಮೂಗಿನ ಮಗ್ಗುಲು, ಗಲ್ಲ, ಕಿವಿಯ ಮುಂಭಾಗ: ಬೆರಳ ತುದಿಯಿಂದ ಒಂದು ನಿಮಿಷ ಪೂರ್ತಿ, ಗಡಿಯಾರ ನೋಡಿ. ಟಿವಿ ಪೇಂಟ್ ಸ್ಟಿಕ್ ಬೇಸಿಗೆ ಎರಡು ನಿಮಿಷ. ಮೊದಲ ಇಪ್ಪತ್ತು ಸೆಕೆಂಡು ಏನೂ ಆಗುತ್ತಿಲ್ಲ ಅನಿಸುತ್ತದೆ, ಆಮೇಲೆ ಬೆರಳ ಕೆಳಗೆ ಬಿಗಿ ತಪ್ಪಿ ಜಾರತೊಡಗುತ್ತದೆ. ಆ ಜಾರುವಿಕೆ ಮುಖದ ಎಲ್ಲ ಕಡೆ ಬರುವ ತನಕ ನೀರು ಮುಟ್ಟಬೇಡಿ. ಬೇಸ್ ತುಂಬ ದಪ್ಪ ಇದ್ದರೆ ಈ ಹಂತದಲ್ಲಿ ಒಣ ಟಿಶ್ಯೂ ಇಟ್ಟು ಒಮ್ಮೆ ಒತ್ತಿ ತೆಗೆದು, ಇನ್ನೊಂದು ಪಂಪ್ ಹಾಕಿ ಮತ್ತೆ ಅರ್ಧ ನಿಮಿಷ.

ಈಗ ಬೆರಳ ತುದಿ ಮಾತ್ರ ಒದ್ದೆ ಮಾಡಿ ಮುಖದ ಮೇಲೆ ತಿರುವಿ. ಕಂದು ಎಣ್ಣೆ ಚಹಾಕ್ಕೆ ಹಾಲು ಬಿದ್ದ ಬಣ್ಣಕ್ಕೆ ತಿರುಗುತ್ತದೆ. ಇನ್ನೆರಡು ಸಲ ನೀರು ಸೇರಿಸಿ, ಒಟ್ಟು ಅರ್ಧ ನಿಮಿಷ. ಈ ಅರ್ಧ ನಿಮಿಷ ಬಿಟ್ಟು ನೇರ ಚರಗಿ ಸುರಿದುಕೊಂಡರೆ ಹೊರಗಿನ ಪದರ ಮಾತ್ರ ಹಾಲಾಗಿ ಒಳಗಿನದು ಎಣ್ಣೆಯಾಗೇ ಉಳಿಯುತ್ತದೆ. ಆಮೇಲೆ ಧಾರಾಳ ತೊಳೆಯಿರಿ.

ನೀರು ಉಗುರು ಬೆಚ್ಚಗಿರಬೇಕು. ಬೇಸಿಗೆಯ ಮಧ್ಯಾಹ್ನ ತಾರಸಿಯ ಸಿಂಟೆಕ್ಸ್ ನೀರು ಕೈ ಇಡಲಾರದಷ್ಟು ಕಾದಿರುತ್ತದೆ, ಅದನ್ನೇ ಮುಖಕ್ಕೆ ಹಾಕಿದರೆ ಕೆಂಪು ಮತ್ತು ಉರಿ. ಬೆಳಿಗ್ಗೆಯೇ ಒಂದು ಬಕೆಟ್ ತುಂಬಿಟ್ಟುಕೊಳ್ಳಿ. ಡಿಸೆಂಬರಿನ ತಣ್ಣೀರಿಗೆ ಬಾಮಿನ ಮೇಣ ಮತ್ತೆ ಗಟ್ಟಿಯಾಗುತ್ತದೆ, ಸ್ವಲ್ಪ ಬಿಸಿ ಬೆರೆಸಿ.

ಎರಡನೇ ತೊಳೆತಕ್ಕೆ ಸಾಬೂನಿಲ್ಲದ ಫೇಸ್‌ವಾಶ್. ಪಟ್ಟಿಯಲ್ಲಿ ಕೊಕಮಿಡೊಪ್ರೊಪಿಲ್ ಬೀಟೇನ್, ಡಿಸೈಲ್ ಗ್ಲುಕೋಸೈಡ್, ಸೋಡಿಯಂ ಕೊಕೊಯಿಲ್ ಐಸೆಥಿಯೊನೇಟ್ ಇವುಗಳಲ್ಲಿ ಒಂದು ಇದ್ದರೆ ಸಾಕು. ಸೀಟಾಫಿಲ್ ಜೆಂಟಲ್ ಕ್ಲೆನ್ಸರ್, ಸಿಂಪಲ್ ಎಂಬ ಕಂಪನಿಯ ಫೇಸ್‌ವಾಶ್ ಈ ಜಾಗಕ್ಕೆ ಸರಿ. ಮೊದಲ ತೊಳೆತಕ್ಕೆ ಇವನ್ನೇ ಬಳಸಿದರೆ ಲಗ್ನದ ಬೇಸ್ ಅಲುಗುವುದಿಲ್ಲ. ಬಟಾಣಿಯಷ್ಟು, ಅರ್ಧ ನಿಮಿಷ. ಕೊನೆಗೆ ಒಂದು ಚರಗಿ ಕ್ಯಾನ್ ನೀರು ಅಥವಾ ಫಿಲ್ಟರ್ ನೀರು ಮುಖಕ್ಕೆ ಸುರಿದುಕೊಳ್ಳಿ. ಅರ್ಧ ಲೀಟರ್ ಖರ್ಚು. ಸವಳಿನ ಬಿಳಿ ಪುಡಿ ಹುಬ್ಬಿನಲ್ಲಿ ಉಳಿಯುವುದಿಲ್ಲ, ಚರ್ಮ ಜಗ್ಗಿದಂತಾಗುವುದಿಲ್ಲ. ಒರೆಸಬೇಡಿ, ಒತ್ತಿ.

ಕುತ್ತಿಗೆ, ಬೆನ್ನಿನ ಮೇಲ್ಭಾಗ, ಕಿವಿ ಹಾಲೆ, ಮುಂಗೈ ಮರೆಯಬೇಡಿ. ಡೀಪ್ ನೆಕ್ ಬ್ಲೌಸ್ ಇದ್ದರೆ ಪಾರ್ಲರಿನವರು ಬೆನ್ನಿಗೂ ಬೇಸ್ ಹಾಕಿರುತ್ತಾರೆ. ಅದಕ್ಕೆ ಬೇರೆ ಮೂರು ಪಂಪ್. ಮಾರನೇ ವಾರ ಬೆನ್ನಿಗೆ ಏಳುವ ಗುಳ್ಳೆಗಳನ್ನು ಹೊಸ ಸೀರೆಯ ಮೇಲೆ, ಮಂಟಪದ ಸೆಕೆಯ ಮೇಲೆ ಹಾಕುವುದಕ್ಕಿಂತ ಮೊದಲು ಇದನ್ನು ನೆನೆಯಿರಿ.

ಮುಗಿಯಿತೋ ಇಲ್ಲವೋ ನೋಡಲು ಬಿಳಿ ಹತ್ತಿ ಪ್ಯಾಡಿಗೆ ಸ್ವಲ್ಪ ಮೈಸೆಲರ್ ವಾಟರ್ ಹಾಕಿ ದವಡೆಯ ಅಂಚು, ಕೂದಲಿನ ಅಂಚಿನಲ್ಲಿ ಒಂದೇ ಸಲ ಎಳೆಯಿರಿ. ಗೋಧಿ ಬಣ್ಣ ಬಂದರೆ ಬೇಸ್ ಉಳಿದಿದೆ, ಮತ್ತೊಂದು ಪಂಪ್. ತೆಳು ಬೂದು ಬಂದರೆ ಅದು ಚರ್ಮದ್ದು, ನಿಲ್ಲಿಸಿ. ಬೂದು ಹೋಗುವ ತನಕ ಉಜ್ಜುತ್ತ ಕೂತರೆ ಚರ್ಮವೇ ಹೋಗುತ್ತದೆ.

ಅರಿಶಿಣದ ಮುಖ

ಸುರಗಿ ನೀರು, ಅರಿಶಿಣ ಅಥವಾ ಮಾಂಝಾ (ಲಗ್ನಕ್ಕೆ ಮುಂಚಿನ ಅರಿಶಿಣ ಹಚ್ಚುವ, ಸ್ನಾನದ ಶಾಸ್ತ್ರಗಳು) ಮುಗಿದ ಮಾರನೇ ದಿನದ ಮೇಕಪ್ ತೆಗೆದಾಗ ಪ್ಯಾಡಿನ ಮೇಲೆ ಹಳದಿ ಬರುತ್ತಲೇ ಇರುತ್ತದೆ. ಕೆಲವರು ಅದನ್ನು ಫೌಂಡೇಶನ್ ಅಂದುಕೊಂಡು ಸಾಬೂನು ತಿಕ್ಕುತ್ತಾರೆ, ಮುಖ ಇಟ್ಟಿಗೆಗೆಂಪಾಗುತ್ತದೆ, ಅಲರ್ಜಿ ಎಂದು ಗಾಬರಿ. ಅರಿಶಿಣದ ಕರ್ಕ್ಯುಮಿನ್ ಕ್ಷಾರ ತಾಗಿದರೆ ಕೆಂಪಾಗುತ್ತದೆ. ಅರಿಶಿಣಕ್ಕೆ ಸುಣ್ಣ ಸೇರಿಸಿ ಕುಂಕುಮ ಮಾಡುವುದೂ ಇದೇ ಗುಣದಿಂದ. ಕರ್ಕ್ಯುಮಿನ್ ಎಣ್ಣೆಯಲ್ಲಿ ಕರಗುತ್ತದೆ, ಆದ್ದರಿಂದ ಬೆಳ್ಳಗಾಗುವ ಎಣ್ಣೆಯಿಂದ ಅರ್ಧ ಹೋಗುತ್ತದೆ. ಉಳಿದದ್ದು ಬಿಸಿಲಿಗೆ ಎರಡು ದಿನದಲ್ಲಿ ಮಾಸುತ್ತದೆ. ತೊಳೆದ ಮೇಲೂ ಕೆಂಪಿನ ಜೊತೆ ಊತ, ತುರಿಕೆ ಇದ್ದರೆ ಅದು ಅರಿಶಿಣದ ಆಟವಲ್ಲ, ಡಾಕ್ಟರಿಗೆ ತೋರಿಸಿ.

ಕೊಳ್ಳುವಾಗ

ಆಮದಾದ ಡಬ್ಬಿ ಅಂದರೆ ಅದರ ಮೇಲೆ ಆಮದುದಾರರ ಹೆಸರು, ವಿಳಾಸ, ನೋಂದಣಿ ಸಂಖ್ಯೆ ಇರಲೇಬೇಕು. 2020ರ ಕಾಸ್ಮೆಟಿಕ್ಸ್ ನಿಯಮಗಳು ಹಾಗೆ ಹೇಳುತ್ತವೆ. ಜಾತ್ರೆ, ಉರುಸಿನ ಸಾಲು ಅಂಗಡಿಗಳಲ್ಲಿ ಇನ್ನೂರು ರೂಪಾಯಿಗೆ ಸಿಗುವ "ಕೊರಿಯಾ ಬಾಮ್"ನ ಮೇಲೆ ಇವನ್ನು ಹುಡುಕಿ ನೋಡಿ. ಬ್ಯಾಚ್ ನಂಬರ್ ಡಬ್ಬಿಯ ಮೇಲೂ ಹೊರಗಿನ ಕಾಗದದ ಪೆಟ್ಟಿಗೆಯ ಮೇಲೂ ಒಂದೇ ಇರಬೇಕು. ತೆರೆದ ಡಬ್ಬಿಯ ಚಿತ್ರದೊಳಗೆ 6ಎಂ, 12ಎಂ ಎಂದಿದ್ದರೆ ತೆರೆದ ಮೇಲೆ ಅಷ್ಟು ತಿಂಗಳು ಎಂದರ್ಥ. ಮಾರ್ಕರಿನಿಂದ ತೆರೆದ ತಾರೀಖು ತಳಕ್ಕೆ ಬರೆದಿಡಿ. ಶೋಕೇಸಿನಲ್ಲಿ ಬಿಸಿಲು ಬೀಳುವ ಕಡೆ ಇಟ್ಟ ಪಾರದರ್ಶಕ ಬಾಟಲಿ ಕೊಳ್ಳಬೇಡಿ. ಒಳಗಿನದನ್ನು ಕೇಳಿ ತೆಗೆಸಿಕೊಳ್ಳಿ.

ದುಡ್ಡಿನ ಮಾತಿಗೆ ಬಂದರೆ: ದಿನಾ ಹಗುರ ಮೇಕಪ್, ವರ್ಷಕ್ಕೆ ಎರಡು ಲಗ್ನ ಇದ್ದವರಿಗೆ 125 ಮಿಲಿ ಮೈಸೆಲರ್ ವಾಟರ್ ಮತ್ತು 60 ಮಿಲಿ ಬೈ-ಫೇಸ್ ಸಾಕು, ಆ ಎರಡು ಲಗ್ನಕ್ಕೆ ಬೇಬಿ ಆಯಿಲ್, ಬಟ್ಟೆ, ಕಡಲೆ ಹಿಟ್ಟು ನಡೆಯುತ್ತದೆ. ವಾರಕ್ಕೆ ಎರಡು ಸಲ ದಪ್ಪ ಮೇಕಪ್ ಹಾಕುವವರು, ನಾಟಕ–ನೃತ್ಯದವರು, ಪಾರ್ಲರ್ ನಡೆಸುವವರು ಬೆಳ್ಳಗಾಗುವ ಎಣ್ಣೆಯನ್ನೇ ಕೊಳ್ಳಲಿ. 200 ಮಿಲಿ ಬಾಟಲಿ ಸಲಕ್ಕೆ 4 ಮಿಲಿಯಂತೆ 50 ಮುಖಕ್ಕೆ ಬರುತ್ತದೆ, ಎಂಟು ಪ್ಯಾಡ್ ಹತ್ತಿಯ ಖರ್ಚೂ ಉಳಿಯುತ್ತದೆ. ಮದುಮಗಳಿಗೆ ಪ್ಯಾಕೇಜ್ ಮಾತಾಡುವಾಗ ಮೇಕಪ್ ಹಾಕುವ ಬೆಲೆ ಮಾತ್ರ ಕೇಳದೆ, "ತೆಗೀಲಿಕ್ಕ ಏನ್ ಕೊಡ್ತೀರಿ ಅಕ್ಕಾರ?" ಎಂದೂ ಕೇಳಿ. ಸಣ್ಣ ಡಬ್ಬಿಯಲ್ಲಿ 10 ಮಿಲಿ ಎಣ್ಣೆ ಹಾಕಿ ಕೊಟ್ಟು, ಒಣ ಮುಖಕ್ಕೆ ಹಚ್ಚಬೇಕೆಂದು ಹೇಳಿ ಕಳಿಸುವ ಪಾರ್ಲರಿಗೆ ನೂರು ರೂಪಾಯಿ ಹೆಚ್ಚು ಕೊಟ್ಟರೂ ನಷ್ಟವಿಲ್ಲ.